ಸರ್ವರ್ ಡೌನ್: ಯಂತ್ರಕ್ಕೆ ಬೆಳಗ್ಗೆ ಆರು, ನಮಗೆ ಹನ್ನೊಂದೂವರೆ!

ಮಂಜೇಶ್ವರದ ಅಕ್ಷಯ ಕೇಂದ್ರ ಇರಲಿ, ಜತ್ತದ ಆಪ್ಲೇ ಸರ್ಕಾರ್ ಸೇವಾ ಕೇಂದ್ರ ಇರಲಿ, ತಾಳವಾಡಿಯ ಇ-ಸೇವೈ ಕೌಂಟರ್ ಇರಲಿ, ರಾಯದುರ್ಗದ ಮೀ-ಸೇವಾ ಇರಲಿ... ಒಂದೊಂದು ಕಡೆ ಒಂದೊಂದು ಭಾಷೆ. ಅರ್ಜಿ ಫಾರಂ ಓದಿಸಿಕೊಳ್ಳಲು ನಮ್ಮ ಹಿರಿಯರು ಮೊಮ್ಮಗನನ್ನೋ ಪಕ್ಕದ ಮನೆಯ ಮಾಸ್ತರರನ್ನೋ ಜತೆಗೆ ಕರೆದುಕೊಂಡು ಹೋಗಬೇಕು. ಆದರೆ ಒಂದು ಮಾತಿಗೆ ಮಾತ್ರ ಎಲ್ಲೂ ಅನುವಾದ ಬೇಕಿಲ್ಲ. 'ಸರ್ವರ್ ಡೌನ್'. ಎಲ್ಲ ರಾಜ್ಯಗಳಲ್ಲೂ ಒಂದೇ ಉಚ್ಚಾರ, ಒಂದೇ ಅರ್ಥ: ಇವತ್ತು ಹೋಗಿ, ನಾಳೆ ಬನ್ನಿ.

ಡೌನ್ ಅಂದರೆ ನಿಜಕ್ಕೂ ಏನಾಗಿದೆ? ಕರೆಂಟ್ ಹೋಯಿತೇ? ಕೇಬಲ್ ಕಡಿಯಿತೇ? ಯಾರಾದರೂ ಹ್ಯಾಕ್ ಮಾಡಿದರೇ? ಕೌಂಟರಿನಲ್ಲಿ ಕುಳಿತ ಹುಡುಗನಿಗೆ ಗೊತ್ತಿರುವುದಿಲ್ಲ, ಪಾಪ, ಅವನಿಗೆ ಯಾರೂ ಹೇಳಿಯೂ ಇರುವುದಿಲ್ಲ. ಕಾರಣಗಳು ಹತ್ತಾರು ಇರಬಹುದು. ಅವುಗಳಲ್ಲಿ ತೀರಾ ವಿಚಿತ್ರವಾದ ಒಂದು ಕಾರಣ ಈಚಿನ ವರ್ಷಗಳಲ್ಲಿ ಎರಡು ಸಲ ದೊಡ್ಡದಾಗಿ ಬಯಲಾಗಿದೆ. ಯಂತ್ರ ಗಟ್ಟಿಯಾಗಿತ್ತು, ಕರೆಂಟ್ ಇತ್ತು, ಕಳ್ಳರೂ ಬಂದಿರಲಿಲ್ಲ. ರಿಪೇರಿಗೆ ಬಂದವನೇ ದಾರಿ ಅಳಿಸಿ ಹೋಗಿದ್ದ!

ಮೊದಲನೆಯದು 2022ರ ಆಗಸ್ಟ್ 30. ಎರಡನೆಯದು 2023ರ ಮಾರ್ಚ್ 8. ಎರಡೂ ಸಲ ತೊಂದರೆ ಶುರುವಾದದ್ದು ನಮ್ಮ ಗಡಿಯಾರದ ಪ್ರಕಾರ ಬೆಳಗ್ಗೆ 11.30ರ ಸುಮಾರಿಗೆ. ಅಂದರೆ ಕಚೇರಿ ಮುಂದೆ ಸಾಲು ಅತಿ ಉದ್ದ ಇರುವ ಹೊತ್ತಿಗೆ. ಇದು ಕಾಕತಾಳೀಯ ಅಲ್ಲ ಅನ್ನುವುದೇ ಇಲ್ಲಿ ಗಮನಿಸಬೇಕಾದ ಸಂಗತಿ.

ಮೋಡದಲ್ಲಿ ಇಲ್ಲ, ಪುಣೆಯಲ್ಲಿದೆ

'ಕ್ಲೌಡ್' ಅನ್ನುವ ಹೆಸರು ಕೇಳಿ ಎಷ್ಟೋ ಜನ ಅದು ಆಕಾಶದಲ್ಲೋ ಉಪಗ್ರಹದಲ್ಲೋ ಇದೆ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ದೊಡ್ಡ ಗೋದಾಮಿನಂಥ ಕಟ್ಟಡ, ಒಳಗೆ ಸಾಲು ಸಾಲು ಕಪಾಟು, ಕಪಾಟಿನ ತುಂಬ ಕಂಪ್ಯೂಟರು. ಅಷ್ಟೇ. ಮೈಕ್ರೋಸಾಫ್ಟ್‌ನ ಅಝೂರ್ ಕ್ಲೌಡ್‌ಗೆ ಪುಣೆ, ಚೆನ್ನೈ, ಮುಂಬೈಗಳಲ್ಲಿ 2015ರಿಂದ ಇಂಥ ಕೇಂದ್ರಗಳಿವೆ. ಅಮೆಜಾನ್ 2016ರಲ್ಲಿ ಮುಂಬೈಗೆ, 2022ರಲ್ಲಿ ಹೈದರಾಬಾದಿಗೆ ಬಂತು. ಗೂಗಲ್ 2017ರಲ್ಲಿ ಮುಂಬೈಗೆ ಬಂತು. ಕೇಂದ್ರ ಸರ್ಕಾರದ್ದೂ ಒಂದು ಕ್ಲೌಡ್ ಇದೆ, ಹೆಸರು 'ಮೇಘರಾಜ್'. ಹೆಸರು ಮೇಘರಾಜನಾದರೂ ಅವನು ಇರುವುದು ನೆಲದ ಮೇಲೇ.

ಅಲ್ಲಿನ ಒಂದೊಂದು ದೊಡ್ಡ ಯಂತ್ರವನ್ನು ಹತ್ತಾರು ಪಾಲು ಮಾಡಿ, ಒಂದೊಂದು ಪಾಲನ್ನೂ ಒಂದು ಸರ್ವರ್ ಅಂತ ಬಾಡಿಗೆಗೆ ಕೊಡುತ್ತಾರೆ. ಕಟ್ಟಡ, ಕರೆಂಟ್, ಎಸಿ, ಕಾವಲು ಮಾಲೀಕರದ್ದು. ಒಳಗಿನ ಸಂಸಾರ ಬಾಡಿಗೆದಾರರದ್ದು. ಸಂಸಾರ ಅಂದರೆ ಮುಖ್ಯವಾಗಿ ಆಪರೇಟಿಂಗ್ ಸಿಸ್ಟಂ. ನಮ್ಮ ಮನೆ ಕಂಪ್ಯೂಟರಿನಲ್ಲಿ ವಿಂಡೋಸ್ ಇರುವ ಹಾಗೆ ಇಂಥ ಸರ್ವರುಗಳಲ್ಲಿ ಬಹುಪಾಲು ಲಿನಕ್ಸ್ ಇರುತ್ತದೆ. ಅದರಲ್ಲೂ 'ಉಬುಂಟು' ಅನ್ನುವ ತಳಿ ಬಹಳ ಬಳಕೆಯಲ್ಲಿದೆ. ಇದನ್ನು ಕೊಡುವುದು ಲಂಡನ್ನಿನ ಕೆನೋನಿಕಲ್ ಕಂಪನಿ.

ಉಬುಂಟು ಸರ್ವರಿಗೆ ಒಂದು ಒಳ್ಳೆಯ ಅಭ್ಯಾಸವಿದೆ. ತನ್ನಲ್ಲಿ ಸುರಕ್ಷತೆಯ ದೋಷ ಕಂಡುಬಂದು ಅದಕ್ಕೆ ಮದ್ದು ಬಂದರೆ, ಯಾರನ್ನೂ ಕೇಳದೆ ತಾನೇ ತರಿಸಿಕೊಂಡು ಹಾಕಿಕೊಳ್ಳುತ್ತದೆ. ರಾತ್ರಿ ಮಲಗಿದ ಮೇಲೆ ಮೊಬೈಲು ತನ್ನಷ್ಟಕ್ಕೇ ಅಪ್‌ಡೇಟ್ ಆಗುವುದಿಲ್ಲವೇ, ಹಾಗೆ. ಮುಕ್ಕಾಲು ಪಾಲು ಇದು ಒಳ್ಳೆಯದೇ. ಉಳಿದ ಕಾಲು ಪಾಲಿನ ಕತೆ ಮುಂದಿದೆ.

ಹೆಸರು ಮರೆತ ಯಂತ್ರಗಳು

2022ರ ಆಗಸ್ಟ್ 30, ಮಂಗಳವಾರ. ನಮ್ಮಲ್ಲಿ ಗೌರಿ ಹಬ್ಬ, ಮಾರನೇ ದಿನ ಗಣೇಶ. ಅಝೂರ್ ಕ್ಲೌಡ್‌ನಲ್ಲಿದ್ದ ಉಬುಂಟು 18.04 ಆವೃತ್ತಿಯ ಸರ್ವರುಗಳು ಆ ದಿನ ಒಂದು ಮದ್ದನ್ನು ತಾವಾಗಿಯೇ ಹಾಕಿಕೊಂಡವು. ಮದ್ದು ಬಂದದ್ದು 'ಸಿಸ್ಟಮ್‌ಡಿ' ಅನ್ನುವ ಭಾಗಕ್ಕೆ. ಮನೆಯ ಯಜಮಾನ ಇದ್ದ ಹಾಗೆ ಅದು. ಬೆಳಗ್ಗೆ ಎಲ್ಲರನ್ನೂ ಎಬ್ಬಿಸಿ, ಯಾರು ಯಾವ ಕೆಲಸಕ್ಕೆ ಅಂತ ಹಚ್ಚುವುದು ಅದರ ಕೆಲಸ. ದೋಷ ನಿಜವಾದದ್ದೇ, ಮದ್ದೂ ಬೇಕಾದದ್ದೇ.

ಮದ್ದು ಹಾಕಿಕೊಂಡ ಮೇಲೆ ಯಜಮಾನ ಒಮ್ಮೆ ಎದ್ದು ಮನೆಯ ಸಾಮಾನನ್ನೆಲ್ಲ ಮತ್ತೆ ಎಣಿಸಿದ. ಎಣಿಸುವಾಗ ನೆಟ್‌ವರ್ಕ್ ಕಾರ್ಡಿನ ಗುರುತು ಸಿಗಲಿಲ್ಲ. 'ಇದು ನನ್ನದಲ್ಲ' ಅಂತ ಕೈಬಿಟ್ಟ. ಆ ಕಾರ್ಡಿನ ಜತೆ ಬರೆದಿಟ್ಟಿದ್ದ ಡಿಎನ್‌ಎಸ್ ವಿಳಾಸವೂ ಹೋಯಿತು.

ಡಿಎನ್‌ಎಸ್ ಅಂದರೆ ಇಂಟರ್‌ನೆಟ್ಟಿನ ಫೋನ್ ಪುಸ್ತಕ. ಕಂಪ್ಯೂಟರುಗಳು ಒಂದನ್ನೊಂದು ಕರೆಯುವುದು ನಂಬರಿನಿಂದ, ನಾವು ಕೊಡುವುದು ಹೆಸರು. ಹೆಸರಿಗೆ ನಂಬರ್ ಹುಡುಕಿ ಕೊಡುವುದು ಡಿಎನ್‌ಎಸ್. ಕಾಂಟ್ಯಾಕ್ಟ್ ಎಲ್ಲ ಅಳಿಸಿಹೋದ ಮೊಬೈಲನ್ನು ನೆನೆಸಿಕೊಳ್ಳಿ. ಚಾರ್ಜ್ ಇದೆ, ಸಿಗ್ನಲ್ ಇದೆ, ಬ್ಯಾಲೆನ್ಸ್ ಇದೆ. ಆದರೆ ಮಗಳಿಗೆ ಫೋನ್ ಮಾಡಬೇಕಂದ್ರೆ ನಂಬರೇ ನೆನಪಿಲ್ಲ! ಆ ಸರ್ವರುಗಳ ಗತಿಯೂ ಅದೇ ಆಯಿತು. ಅವು ಸತ್ತಿರಲಿಲ್ಲ, ಆದರೆ ಡೇಟಾಬೇಸ್ ಎಲ್ಲಿದೆ, ಬ್ಯಾಂಕಿನ ಗೇಟ್‌ವೇ ಎಲ್ಲಿದೆ ಅಂತ ಕೇಳಲು ಬಾಯಿ ಇರಲಿಲ್ಲ. ಅವುಗಳ ಮೇಲೆ ನಿಂತಿದ್ದ ಸೇವೆಗಳು ಒಂದೊಂದಾಗಿ ಕುಸಿದವು.

ಪರಿಹಾರ? ನಮ್ಮ ಕೇಬಲ್ ಟಿವಿ ಹುಡುಗ ಹೇಳುವುದೇ. 'ಒಂದ್ಸಲ ಆಫ್ ಮಾಡಿ ಆನ್ ಮಾಡಿ.' ರೀಬೂಟ್ ಮಾಡಿದರೆ ಎಣಿಕೆ ಮೊದಲಿನಿಂದ ಶುರುವಾಗಿ, ಕಾರ್ಡಿನ ಗುರುತು ಸಿಕ್ಕಿ, ಎಲ್ಲ ಸರಿಹೋಗುತ್ತಿತ್ತು. ಮೈಕ್ರೋಸಾಫ್ಟ್ ಗ್ರಾಹಕರಿಗೆ ಸೂಚಿಸಿದ ದಾರಿಗಳಲ್ಲಿ ಅದೂ ಒಂದು. ಹತ್ತು ಸರ್ವರ್ ಇದ್ದವರು ಹತ್ತು ನಿಮಿಷದಲ್ಲಿ ಮುಗಿಸಿರಬಹುದು. ಸಾವಿರ ಇದ್ದವರ ಹಬ್ಬ ಅಲ್ಲಿಗೇ ಮುಗಿಯಿತು ಅನ್ನಿ.

ಕಾವಲುಗಾರನಿಗೇ ಕಣ್ಣು ಕಟ್ಟಿತು

ಆರು ತಿಂಗಳು ಕಳೆದ ಮೇಲೆ ನಡೆದದ್ದು ಇದಕ್ಕಿಂತ ದೊಡ್ಡದು. ಡೇಟಾಡಾಗ್ ಅಂತ ನ್ಯೂಯಾರ್ಕಿನ ಒಂದು ಕಂಪನಿ. ಬೇರೆಯವರ ಸರ್ವರುಗಳು ಸರಿಯಾಗಿ ನಡೆಯುತ್ತಿವೆಯೇ ಅಂತ ಹಗಲು ರಾತ್ರಿ ಕಾಯುವುದೇ ಅದರ ದಂಧೆ. 2023ರ ಮಾರ್ಚ್ 8ರ ಬುಧವಾರ ಈ ಕಾವಲುಗಾರನಿಗೇ ಕಣ್ಣು ಕಾಣದಾಯಿತು. ಅದರ ಹತ್ತಾರು ಸಾವಿರ ಯಂತ್ರಗಳು, ಅಂದರೆ ಅರ್ಧಕ್ಕಿಂತ ಹೆಚ್ಚು, ಒಂದು ಗಂಟೆಯ ಅವಧಿಯಲ್ಲಿ ನೆಟ್‌ವರ್ಕ್ ಕಳಕೊಂಡವು. ಸೇವೆಗಳೆಲ್ಲ ಮತ್ತೆ ನಿಲ್ಲಲು ಒಂದು ದಿನಕ್ಕೂ ಹೆಚ್ಚು ಹಿಡಿಯಿತು. ಇದರಿಂದಾದ ಆದಾಯ ನಷ್ಟ ಸುಮಾರು 50 ಲಕ್ಷ ಡಾಲರ್ ಅಂತ ಕಂಪನಿಯೇ ಷೇರುದಾರರಿಗೆ ಹೇಳಿಕೊಂಡಿತು.

ಇಲ್ಲೂ ಕಾರಣ ಅದೇ ಸಿಸ್ಟಮ್‌ಡಿ, ಅದೇ ತಾನಾಗಿ ಬಂದ ಸುರಕ್ಷತಾ ಅಪ್‌ಡೇಟ್. ಆದರೆ ಆವೃತ್ತಿ ಬೇರೆ, ಉಬುಂಟು 22.04. ದೋಷವೂ ಬೇರೆ.

ಇದನ್ನು ತಿಳಿಯಲು ಒಂದು ಜಾತ್ರೆ ನೆನೆಸಿಕೊಳ್ಳಿ. ಬೆಳಗ್ಗೆ ಮೊದಲು ಪೊಲೀಸ್ ಸಾಹೇಬರು ಬಂದು ತಮ್ಮ ಪಟ್ಟಿ ಪ್ರಕಾರ ಬಾಣದ ಗುರುತಿನ ಬೋರ್ಡು ನೆಡಿಸುತ್ತಾರೆ. ಆಮೇಲೆ ಊರಿನ ಸ್ವಯಂಸೇವಕರು ಬಂದು 'ಊಟದ ಪೆಂಡಾಲಿಗೆ ದಾರಿ', 'ಗಾಡಿ ನಿಲ್ಲಿಸುವ ಜಾಗ' ಅಂತ ತಮ್ಮ ಬೋರ್ಡುಗಳನ್ನು ಸೇರಿಸುತ್ತಾರೆ. ಜನ ಓಡಾಡುವುದು ಈ ಎರಡನೇ ಬೋರ್ಡುಗಳನ್ನು ನೋಡಿ. ಪ್ರತಿ ವರ್ಷ ಇದೇ ಕ್ರಮ, ಏನೂ ತಕರಾರಿಲ್ಲ. ಒಂದು ವರ್ಷ ನಡುಮಧ್ಯಾಹ್ನ ಸಾಹೇಬರು ಬದಲಾದರು. ಹೊಸಬರು ಪಟ್ಟಿ ಹಿಡಿದು ಬಂದು, ಪಟ್ಟಿಯಲ್ಲಿ ಇಲ್ಲದ ಬೋರ್ಡನ್ನೆಲ್ಲ ಕೀಳಿಸಿದರು. ತೇರಿನ ಬೀದಿಯಲ್ಲಿ ಜನ ನಿಂತಲ್ಲೇ ನಿಂತರು!

ಡೇಟಾಡಾಗ್‌ನ ಯಂತ್ರಗಳಲ್ಲಿ ಸಾಹೇಬರು ಅಂದರೆ ಸಿಸ್ಟಮ್‌ಡಿಯ ನೆಟ್‌ವರ್ಕ್ ವಿಭಾಗ. ಸ್ವಯಂಸೇವಕ ಅಂದರೆ 'ಸಿಲಿಯಂ' ಅನ್ನುವ ಇನ್ನೊಂದು ತಂತ್ರಾಂಶ. ಯಂತ್ರ ಹೊಸದಾಗಿ ಶುರುವಾದಾಗಲೆಲ್ಲ ಮೊದಲು ಸಾಹೇಬರು, ಆಮೇಲೆ ಸಿಲಿಯಂ. ಆದ್ದರಿಂದ ಎಷ್ಟು ಸಲ ಪರೀಕ್ಷೆ ಮಾಡಿದರೂ ತೊಂದರೆ ಕಂಡಿರಲಿಲ್ಲ. ಅಪ್‌ಡೇಟ್ ಬಂದು, ನಡೆಯುತ್ತಿದ್ದ ಯಂತ್ರದಲ್ಲಿ ಸಾಹೇಬರನ್ನು ಎಬ್ಬಿಸಿ ಮತ್ತೆ ಕೂರಿಸಿದಾಗ ಮಾತ್ರ ಸಿಲಿಯಂ ಬರೆದಿದ್ದ ದಾರಿಗಳೆಲ್ಲ ಅಳಿಸಿಹೋದವು. ಪಟ್ಟಿಯಲ್ಲಿ ಇಲ್ಲದ್ದನ್ನು ಅಳಿಸಬೇಕು ಅನ್ನುವ ಈ ಶಿಸ್ತು ಸಿಸ್ಟಮ್‌ಡಿಗೆ ಹೊಸದಾಗಿ ಬಂದದ್ದು. ಉಬುಂಟುವಿನ ಹಿಂದಿನ ಆವೃತ್ತಿಯಲ್ಲಿ ಇರಲಿಲ್ಲ.

ಇನ್ನೊಂದು ಮಾತು. ಡೇಟಾಡಾಗ್‌ನವರು ದಡ್ಡರೇನಲ್ಲ. ಅವರ ಯಂತ್ರಗಳು ಐದು ಪ್ರಾಂತ್ಯಗಳಲ್ಲಿ, ಅಮೆಜಾನ್, ಗೂಗಲ್, ಮೈಕ್ರೋಸಾಫ್ಟ್ ಮೂವರ ಕ್ಲೌಡ್‌ಗಳಲ್ಲೂ ಹಂಚಿಹೋಗಿದ್ದವು. ಒಂದು ಬಿದ್ದರೆ ಇನ್ನೊಂದಕ್ಕೆ ತಾಗಬಾರದು ಅಂತ ಅವುಗಳ ನಡುವೆ ಸಂಪರ್ಕವನ್ನೇ ಇಟ್ಟಿರಲಿಲ್ಲ. ತಾವು ಮಾಡುವ ಬದಲಾವಣೆಗಳನ್ನು ಒಂದು ಪ್ರಾಂತ್ಯದಲ್ಲಿ ಹಾಕಿ ನೋಡಿ, ಆಮೇಲೆ ಮುಂದಿನದಕ್ಕೆ ಹೋಗುತ್ತಿದ್ದರು. ಆದರೂ ಐದೂ ಒಟ್ಟಿಗೆ ಬಿದ್ದವು. ಯಾಕೆ? ಐದೂ ಕಡೆ ಗಡಿಯಾರ ಒಂದೇ ಇತ್ತು. ಹಿಂದೆ ಯಾವಾಗಲೋ ಉಳಿದುಬಂದಿದ್ದ ತಾನೇ ಅಪ್‌ಡೇಟ್ ಆಗುವ ಏರ್ಪಾಡು ಐದೂ ಕಡೆ ಅದೇ ಹೊತ್ತಿಗೆ ಬಾಗಿಲು ತೆರೆಯಿತು.

ಆರು ಗಂಟೆ, ಯಾರ ಆರು ಗಂಟೆ?

ಉಬುಂಟುವಿನಲ್ಲಿ ಈ ಸ್ವಯಂ ಅಪ್‌ಡೇಟ್ ನಡೆಯುವ ಸಮಯ ಮೊದಲೇ ನಿಗದಿಯಾಗಿದೆ: ಬೆಳಗ್ಗೆ 6ರಿಂದ 7ರ ನಡುವೆ ಯಾವಾಗಲಾದರೂ. ಎಲ್ಲ ಯಂತ್ರಗಳೂ ಒಂದೇ ನಿಮಿಷಕ್ಕೆ ಮುಗಿಬೀಳದಿರಲಿ ಅಂತ ಒಂದು ಗಂಟೆಯ ಅವಕಾಶ ಕೊಟ್ಟಿದ್ದಾರೆ. ಬೆಳಗಿನ ಆರು ಗಂಟೆಗೆ ಕಚೇರಿ ತೆರೆದಿರುವುದಿಲ್ಲ, ಗಿರಾಕಿ ಕಡಿಮೆ, ಒಳ್ಳೆಯ ಯೋಚನೆಯೇ.

ಆದರೆ ಅದು ಯಂತ್ರದ ಗಡಿಯಾರದ ಆರು ಗಂಟೆ. ಕ್ಲೌಡ್‌ನ ಸರ್ವರುಗಳಿಗೆ ಸಾಮಾನ್ಯವಾಗಿ ಊರಿನ ಸಮಯ ಇರುವುದಿಲ್ಲ, 'ಯುಟಿಸಿ' ಅನ್ನುವ ಜಾಗತಿಕ ಪ್ರಮಾಣ ಕಾಲ ಇರುತ್ತದೆ. ಅದು ನಮ್ಮ ಸಮಯಕ್ಕಿಂತ ಐದೂವರೆ ತಾಸು ಹಿಂದೆ. ಅಲ್ಲಿ ಆರು ಹೊಡೆದರೆ ಇಲ್ಲಿ ಹನ್ನೊಂದೂವರೆ. ಪುಣೆಯ ಕಟ್ಟಡದಲ್ಲಿ ಕೂತ ಯಂತ್ರವೂ, ಯಾರಾದರೂ ಬದಲಿಸದಿದ್ದರೆ, ತಾನು ಲಂಡನ್ನಿನ ಚಳಿಗಾಲದ ಬೆಳಗಿನಲ್ಲಿದ್ದೇನೆ ಅಂತಲೇ ತಿಳಿದಿರುತ್ತದೆ.

2023ರ ಮಾರ್ಚ್ 8ರಂದು ಆ ಗಂಟೆ ಹೊಡೆದಾಗ ನ್ಯೂಯಾರ್ಕಿನಲ್ಲಿ ನಡುರಾತ್ರಿ ಕಳೆದು ಒಂದು ಗಂಟೆ. ಎಂಜಿನಿಯರುಗಳನ್ನು ನಿದ್ದೆಯಿಂದ ಎಬ್ಬಿಸಬೇಕಾಯಿತು ನಿಜ, ಆದರೆ ಅವರ ದೇಶದ ಅಂಗಡಿ ಕಚೇರಿ ಮುಚ್ಚಿದ್ದವು. ನಮ್ಮಲ್ಲಿ? ಬಸ್ಸಿಳಿದು ಬಂದವರು ಆಗಷ್ಟೇ ಸಾಲಿನಲ್ಲಿ ನಿಂತಿರುತ್ತಾರೆ, ಬ್ಯಾಂಕು ತುಂಬಿರುತ್ತದೆ. ಯಾರೂ ಭಾರತಕ್ಕೆ ತೊಂದರೆ ಕೊಡಲು ಈ ಹೊತ್ತು ಆರಿಸಿದ್ದಲ್ಲ. ಯಾರೂ ಆರಿಸಲೇ ಇಲ್ಲ ಅನ್ನುವುದೇ ಸಮಸ್ಯೆ. ಎಲ್ಲೋ ಒಬ್ಬರು ಒಂದು ಕಡತದಲ್ಲಿ ಆರು ಅಂತ ಬರೆದಿಟ್ಟರು, ಉಳಿದವರೆಲ್ಲ ಹಾಗೇ ಬಿಟ್ಟರು.

ಒಂದು ಮಾತು ಸ್ಪಷ್ಟಪಡಿಸಬೇಕು. ಈ ಎರಡು ದಿನ ಅಕ್ಕಲಕೋಟೆಯ ರೇಷನ್ ಅಂಗಡಿಯೋ ಕಾಸರಗೋಡಿನ ಗ್ರಾಮ ಕಚೇರಿಯೋ ಇದರಿಂದಲೇ ನಿಂತಿತು ಅಂತ ನಾವು ಹೇಳುತ್ತಿಲ್ಲ. ಆ ಕಚೇರಿಗಳ ಯಂತ್ರ ಯಾವುದು, ತಂತ್ರಾಂಶ ಯಾವುದು ಅನ್ನುವುದು ಬೇರೆ ವಿಷಯ. ಆದರೆ ಒಂದೇ ಮದ್ದು, ಒಂದೇ ಹೊತ್ತು, ಎಲ್ಲರಿಗೂ ಒಟ್ಟಿಗೆ ಅನ್ನುವ ಪದ್ಧತಿ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಈ ಅಪಾಯವೂ ಇದೆ.

ಹಾಗಾದರೆ ಅಪ್‌ಡೇಟೇ ಬೇಡವೇ?

ಇದನ್ನು ಓದಿ 'ಇನ್ನು ಮುಂದೆ ಅಪ್‌ಡೇಟ್ ಬಂದ್ ಮಾಡಿಬಿಡೋಣ' ಅಂತ ಯಾರಾದರೂ ಹೊರಟರೆ ಅವರು ವಯನಾಡಿನ ಕಡೆ ಒಮ್ಮೆ ನೋಡಬೇಕು. 2017ರ ಮೇ 12ರಂದು 'ವನ್ನಾಕ್ರೈ' ಎಂಬ ವೈರಸ್ ಜಗತ್ತಿನಾದ್ಯಂತ ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಗಳನ್ನೇ ಮುಂದೂಡಿದವು. ಎರಡು ಮೂರು ದಿನಗಳಲ್ಲಿ ಅದು ವಯನಾಡಿನ ತರಿಯೋಡ್ ಗ್ರಾಮ ಪಂಚಾಯತಿ ಕಚೇರಿಗೂ ಬಂತು. ಆಂಧ್ರ ಪೊಲೀಸ್ ಇಲಾಖೆಯ ಹಲವು ಕಂಪ್ಯೂಟರುಗಳನ್ನೂ ಹಿಡಿಯಿತು. ಮೈಕ್ರೋಸಾಫ್ಟ್ ಅದಕ್ಕೆ ಮದ್ದು ಬಿಟ್ಟದ್ದು ಯಾವಾಗ? ಅದೇ ವರ್ಷ ಮಾರ್ಚ್ 14ಕ್ಕೆ. ಎರಡು ತಿಂಗಳು ಮದ್ದು ಕೈಯಲ್ಲಿದ್ದರೂ ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಹಾಗಾಗಿ ಮದ್ದು ಬೇಕೇ ಬೇಕು. ಯಾವಾಗ, ಒಮ್ಮೆಗೆ ಎಷ್ಟು ಜನಕ್ಕೆ ಅನ್ನುವುದಷ್ಟೇ ಪ್ರಶ್ನೆ. ಕೆನೋನಿಕಲ್ ತನ್ನ ಮಾಮೂಲಿ ಅಪ್‌ಡೇಟುಗಳನ್ನು ಈಗ ಹಂತ ಹಂತವಾಗಿ ಬಿಡುತ್ತದೆ. ಮೊದಲು ಸ್ವಲ್ಪ ಯಂತ್ರಗಳಿಗೆ, ತೊಂದರೆ ಕಾಣದಿದ್ದರೆ ಉಳಿದವಕ್ಕೆ. ಆದರೆ ಸುರಕ್ಷತಾ ಅಪ್‌ಡೇಟುಗಳಿಗೆ ಈ ಹಂತ ಇಲ್ಲ, ಕಳ್ಳ ಕಾಯುವುದಿಲ್ಲವಲ್ಲ! ಅಂದಮೇಲೆ ಹಂತ ಮಾಡುವ ಹೊಣೆ ಸರ್ವರ್ ನಡೆಸುವವರ ತಲೆಗೇ ಬಂತು. ಇದು ಕೋಟಿಗಟ್ಟಲೆ ಖರ್ಚಿನ ಕೆಲಸವಲ್ಲ. ಯಂತ್ರಕ್ಕೆ ಭಾರತದ ಸಮಯ ಹಾಕಿ, ಅಪ್‌ಡೇಟನ್ನು ರಾತ್ರಿ ಎರಡು ಗಂಟೆಗೆ ತಳ್ಳುವುದು ಎರಡು ಸಾಲಿನ ಬದಲಾವಣೆ. ಎರಡು ಸರ್ವರ್ ಇದ್ದರೆ ಒಂದಕ್ಕೆ ಇವತ್ತು, ಇನ್ನೊಂದಕ್ಕೆ ನಾಳೆ.

ನಮ್ಮ ಊರುಗಳ ಹುಡುಗ ಹುಡುಗಿಯರು ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ಇದೇ ಕೆಲಸದಲ್ಲಿ ಬೇಕಾದಷ್ಟು ಇದ್ದಾರೆ. ಊರಿನ ಸಹಕಾರಿ ಸಂಘಕ್ಕೋ ಶಾಲೆಗೋ ಕನ್ನಡ ಸಂಘಕ್ಕೋ ಒಂದು ಸಣ್ಣ ಬಾಡಿಗೆ ಸರ್ವರ್ ಮಾಡಿಕೊಟ್ಟವರೂ ಅವರಲ್ಲಿ ಇರುತ್ತಾರೆ. ಹಬ್ಬಕ್ಕೆ ಬಂದಾಗ ಮನೆಯವರು ಕೇಳಬೇಕಾದ ಪ್ರಶ್ನೆ ಒಂದೇ: 'ಅದು ಎಷ್ಟು ಗಂಟೆಗೆ ಅಪ್‌ಡೇಟ್ ಆಗುತ್ತೆ ಮಗಾ?' ಉತ್ತರ ಗೊತ್ತಿಲ್ಲ ಅಂದರೆ ಹನ್ನೊಂದೂವರೆಗೆ ಅಂತ ತಿಳಿದುಕೊಳ್ಳಬಹುದು.

ಅವರು ತಿಳಿದಿರಬೇಕಾದ ಇನ್ನೊಂದು ಸಂಗತಿ ಇದೆ. ಕ್ಲೌಡ್ ಸರ್ವರಿನ ನೆಟ್‌ವರ್ಕ್ ಹೋದರೆ ಅದನ್ನು ಸರಿಮಾಡಲು ಒಳಗೆ ಹೋಗುವ ದಾರಿಯೂ ಹೋಗುತ್ತದೆ. ಕೀಲಿ ಮನೆಯೊಳಗೆ, ನಾವು ಹೊರಗೆ! ಡಿಎನ್‌ಎಸ್ ಮಾತ್ರ ಹೋದರೆ ನಂಬರ್ ಹಿಡಿದು ಒಳಗೆ ಹೋಗಬಹುದು, ದಾರಿಯೇ ಅಳಿಸಿದರೆ ಅದೂ ಇಲ್ಲ. ಕಂಪನಿಗಳು ಇದಕ್ಕಾಗಿ 'ಸೀರಿಯಲ್ ಕನ್ಸೋಲ್' ಅಂತ ಒಂದು ಹಿತ್ತಲ ಬಾಗಿಲು ಕೊಟ್ಟಿವೆ. ಅದರ ಪಾಸ್‌ವರ್ಡ್ ಮೊದಲೇ ಮಾಡಿಟ್ಟುಕೊಳ್ಳಬೇಕು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಆಗದು. ಡೇಟಾಡಾಗ್‌ಗೂ ಹೀಗೇ ಆಯಿತು. ಒಂದು ಕಡೆಯ ಕ್ಲೌಡ್‌ನಲ್ಲಿ ಯಂತ್ರಗಳನ್ನು ರೀಬೂಟ್ ಮಾಡಿದರೆ ಸಾಕಾಯಿತು. ಇನ್ನೊಂದು ಕಡೆ, ಉತ್ತರ ಕೊಡದ ಯಂತ್ರ ಕೆಟ್ಟಿದೆ ಅಂತ ಕ್ಲೌಡೇ ತೀರ್ಮಾನಿಸಿ, ಅವನ್ನು ತೆಗೆದುಹಾಕಿ ಹೊಸದನ್ನು ತರಲು ಹೊರಟಿತು. ಸಾವಿರಾರು ಹೊಸ ಯಂತ್ರಗಳು ಒಟ್ಟಿಗೆ ಏಳಲು ಹೋಗಿ ನೂಕುನುಗ್ಗಲಾಯಿತು. ಸ್ವಯಂಚಾಲಿತ ರಿಪೇರಿ ಮಾಡಿದ ಎಡವಟ್ಟಿನ ಮೇಲೆ ಸ್ವಯಂಚಾಲಿತ ಬುದ್ಧಿವಂತಿಕೆಯ ಇನ್ನೊಂದು ಎಡವಟ್ಟು.

ಕೈಬರಹದ ಬೋರ್ಡಿಂಗ್ ಪಾಸ್

2024ರ ಜುಲೈ 19ರ ಶುಕ್ರವಾರ ಎಲ್ಲರಿಗೂ ನೆನಪಿರಬಹುದು. ಅಂದು ಕೆಟ್ಟದ್ದು ಲಿನಕ್ಸ್ ಅಲ್ಲ, ಆಪರೇಟಿಂಗ್ ಸಿಸ್ಟಮ್ಮಿನ ಅಪ್‌ಡೇಟೂ ಅಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷತಾ ತಂತ್ರಾಂಶದ ಒಂದು ಸಣ್ಣ ಕಡತ ನಮ್ಮ ಸಮಯ ಬೆಳಗ್ಗೆ 9.39ಕ್ಕೆ ಹೊರಟಿತು. 78 ನಿಮಿಷದಲ್ಲಿ ಹಿಂದಕ್ಕೆ ಪಡೆದರು. ಅಷ್ಟರಲ್ಲಿ 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಮಲಗಿದ್ದವು. ತಪ್ಪು ಕಡತ ಹಿಂದಕ್ಕೆ ಪಡೆದರೂ ಪ್ರಯೋಜನ ಕಡಿಮೆ, ಯಾಕಂದರೆ ಮಲಗಿದ ಯಂತ್ರ ಹೊಸದನ್ನು ತರಿಸಿಕೊಳ್ಳಲಾರದು. ಇಲ್ಲೂ ದಾರಿಯೇ ಮುಚ್ಚಿತ್ತು. ಒಬ್ಬೊಬ್ಬರೇ ಹೋಗಿ ಕೈಯಿಂದ ಸರಿಮಾಡಬೇಕಾಯಿತು.

ನಮ್ಮ ದೇಶದಲ್ಲಿ ವಿಮಾನ ನಿಲ್ದಾಣಗಳು ತತ್ತರಿಸಿದವು. ಇಂಡಿಗೋ ಒಂದೇ ಸುಮಾರು 200 ವಿಮಾನ ರದ್ದು ಮಾಡಿತು. ಆದರೆ ಅಂದು ಹೈದರಾಬಾದಿನಲ್ಲಿ ಪ್ರಯಾಣಿಕರಿಗೆ ಪೆನ್ನಿನಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು, ಆ ಚಿತ್ರ ದೇಶ ತುಂಬ ಓಡಾಡಿತು. ಹಲವರು ನಕ್ಕರು. ನಗುವಂಥದ್ದೇನೂ ಅಲ್ಲ. ಆ ಚೀಟಿ ಹಿಡಿದು ಜನ ವಿಮಾನ ಹತ್ತಿದರು, ಊರು ಮುಟ್ಟಿದರು. ಸರ್ವರ್ ಡೌನ್ ಆದಾಗ ಏನು ಮಾಡಬೇಕು ಅನ್ನುವುದು ಅವರಿಗೆ ಮೊದಲೇ ಗೊತ್ತಿತ್ತು.

ವಿಮಾನ ಹತ್ತುವವರಿಗೆ ಪೆನ್ನಿನ ಚೀಟಿ ನಡೆಯುತ್ತದೆ ಅಂದರೆ ರೇಷನ್ನಿಗೆ ಬಂದವರಿಗೆ ಯಾಕೆ ನಡೆಯಬಾರದು? ನಡೆಯಬೇಕು ಅಂತ ಸರ್ಕಾರವೇ ಹೇಳಿದೆ. ಆಧಾರ್ ದೃಢೀಕರಣ ನೆಟ್‌ವರ್ಕ್ ತೊಂದರೆಯಿಂದ ಆಗದಿದ್ದರೆ ಅದೇ ಕಾರಣಕ್ಕೆ ಅರ್ಹರನ್ನು ವಾಪಸ್ ಕಳಿಸಬಾರದು, ಕಾರ್ಡ್ ನೋಡಿ, ಪುಸ್ತಕದಲ್ಲಿ ಬರೆದುಕೊಂಡು ಧಾನ್ಯ ಕೊಡಬೇಕು ಅಂತ ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್‌ನಲ್ಲಿ ಎಲ್ಲ ರಾಜ್ಯಗಳಿಗೆ ಸೂಚನೆ ಕೊಟ್ಟಿತ್ತು. ಈ ಸೂಚನೆಯ ಬಗ್ಗೆ ಕೇಳಿದ ಕೂಡಲೇ ಅಂಗಡಿಯವರ ಮುಖ ಗಂಟಾಗುತ್ತದೆ ನಿಜ. ಆದರೂ ಕೇಳಬೇಕು.

ಗಡಿಯವರಿಗೆ ಎರಡು ಸರ್ವರ್

ಬೆಂಗಳೂರಿನವರಿಗೆ ಒಂದು ಸರ್ಕಾರ, ಅದರ ಸರ್ವರ್ ನಡೆದರೆ ಸಾಕು. ಗಡಿಯ ಮನೆಗಳ ಲೆಕ್ಕ ಬೇರೆ. ಸಿಇಟಿಗೆ ಗಡಿನಾಡು ಕನ್ನಡಿಗರ ವರ್ಗದಲ್ಲಿ ಅರ್ಜಿ ಹಾಕುವ ಮಗುವನ್ನೇ ನೋಡಿ. ವಾಸದ ಪ್ರಮಾಣಪತ್ರ ತನ್ನ ರಾಜ್ಯದ ತಹಶೀಲ್ದಾರರಿಂದ ಬರಬೇಕು. ಅರ್ಜಿ ಹಾಕುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆನ್‌ಲೈನ್ ಪುಟದಲ್ಲಿ. ಎರಡು ಸರ್ಕಾರ, ಎರಡು ಸರ್ವರ್, ಕೊನೇ ದಿನಾಂಕ ಮಾತ್ರ ಒಂದೇ. ಅಲ್ಲಿನದು ಮೂರು ದಿನ ನಿಂತರೆ ಇಲ್ಲಿನ ದಿನಾಂಕ ಕಾಯುವುದಿಲ್ಲ. ಇಲ್ಲಿನ ಅಧಿಕಾರಿಗೆ ಅಲ್ಲಿನ ಸರ್ವರ್ ನಿಂತದ್ದು ಗೊತ್ತೂ ಇರುವುದಿಲ್ಲ.

ರೇಷನ್ನಿನದ್ದೂ ಹಾಗೇ. 'ಒಂದು ದೇಶ ಒಂದು ರೇಷನ್ ಕಾರ್ಡ್' 2022ರ ಜೂನ್‌ನಲ್ಲಿ ಅಸ್ಸಾಂ ಸೇರಿದ ಮೇಲೆ ಎಲ್ಲ ರಾಜ್ಯಗಳಲ್ಲೂ ಜಾರಿಯಲ್ಲಿದೆ. ಜತ್ತದ ಕಾರ್ಡ್ ಹಿಡಿದು ವಿಜಯಪುರಕ್ಕೆ ದುಡಿಯಲು ಬಂದವರು ಇಲ್ಲೇ ಧಾನ್ಯ ತಗೊಳ್ಳಬಹುದು. ಒಳ್ಳೆಯ ಯೋಜನೆ, ನಮ್ಮಂಥ ಎರಡೂ ಕಡೆ ಕಾಲಿಟ್ಟವರಿಗೆ ತುಂಬಾ ಬೇಕಾದದ್ದು. ಆದರೆ ಊರಿನ ಅಂಗಡಿಯಾದರೆ ಸರ್ವರ್ ಇಲ್ಲದಿದ್ದರೂ ಪುಸ್ತಕದಲ್ಲಿ ಹೆಸರಿರುತ್ತದೆ, ಅಂಗಡಿಯವರಿಗೆ ಮುಖ ಪರಿಚಯ ಇರುತ್ತದೆ. ಹೊರರಾಜ್ಯದ ಕಾರ್ಡಿನ ಹೆಸರು ಆ ಪುಸ್ತಕದಲ್ಲೇ ಇರುವುದಿಲ್ಲ. ಸರ್ವರ್ ಹೋದರೆ ಅವರು ಪೂರ್ತಿ ಅಪರಿಚಿತರು. 2017ರ ಸೂಚನೆ ಬಂದಾಗ ಈ ಪರಿಸ್ಥಿತಿ ಇರಲಿಲ್ಲ. ಹೊರರಾಜ್ಯದ ಕಾರ್ಡಿಗೂ ಕಾಗದದ ಏರ್ಪಾಡು ಏನು ಅನ್ನುವುದನ್ನು ರಾಜ್ಯಗಳು ಸ್ಪಷ್ಟವಾಗಿ ಬರೆದು ಅಂಗಡಿ ಗೋಡೆಗೆ ಅಂಟಿಸಬೇಕು, ಅದೂ ಆ ಊರಿನ ಜನ ಓದುವ ಭಾಷೆಯಲ್ಲಿ.

ಅಷ್ಟು ಹೊತ್ತಿಗೆ ನಾವು ಮಾಡಬಹುದಾದದ್ದು ಒಂದಿದೆ. ಸರ್ವರ್ ಡೌನ್ ಅಂದ ದಿನ ಬರಿಗೈಯಲ್ಲಿ ವಾಪಸ್ ಬರಬೇಡಿ. ಬಂದ ದಿನ, ಗಂಟೆ, ಕೆಲಸ ಆಗಲಿಲ್ಲ ಅಂತ ಒಂದು ಚೀಟಿ ಬರೆಸಿಕೊಳ್ಳಿ. ಕೊಡಲ್ಲ ಅಂದರೆ ನಿಮ್ಮದೇ ಅರ್ಜಿಯ ಹಿಂದೆ ಬರೆದಿಟ್ಟುಕೊಳ್ಳಿ, ಪರದೆಯ ಮೇಲೆ ಬಂದ ಸಂದೇಶದ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಕೊನೇ ದಿನಾಂಕ ತಪ್ಪಿದಾಗ ಮೇಲಿನವರ ಮುಂದೆ ಇಡಲು ಅದೊಂದೇ ಆಧಾರ. ಇನ್ನೂ ಸ್ವಲ್ಪ ಉತ್ಸಾಹ ಇರುವವರು ಮಾಹಿತಿ ಹಕ್ಕು ಕಾಯ್ದೆಯಡಿ ಸಣ್ಣ ಶುಲ್ಕ ಕಟ್ಟಿ ಆಯಾ ರಾಜ್ಯದ ಇಲಾಖೆಗೆ ಮೂರು ಪ್ರಶ್ನೆ ಕೇಳಬಹುದು. ಕಳೆದ ವರ್ಷ ಈ ಸೇವೆಯ ಸರ್ವರ್ ಎಷ್ಟು ಗಂಟೆ ನಿಂತಿತ್ತು? ಒಂದೊಂದು ಸಲವೂ ಯಾವ ಹೊತ್ತಿಗೆ ನಿಂತಿತು? ಕಾರಣ ಏನಂತ ದಾಖಲಾಗಿದೆ? ಬಂದ ಉತ್ತರದಲ್ಲಿ ಹನ್ನೊಂದೂವರೆಯಿಂದ ಹನ್ನೆರಡೂವರೆಯ ನಡುವಿನ ಸಮಯ ಮತ್ತೆ ಮತ್ತೆ ಕಂಡರೆ, ಮುಂದಿನ ಪ್ರಶ್ನೆ ಯಾವುದು ಅಂತ ನಿಮಗೇ ಗೊತ್ತು.